ನೆತ್ತಿಗೆ ಹತ್ತಿದ್ದು ಮುದ್ದೆಯೋ ಸಾರೋ?

ಉಣ್ಣುತ್ತಾ ಕೂತವರಿಗೆ ತಟ್ಟನೆ ಕೆಮ್ಮು ಒತ್ತರಿಸಿ ಬಂದರೆ ನಾವು 'ನೆತ್ತಿಗೆ ಹತ್ತಿತು' ಅನ್ನುತ್ತೇವೆ. ಪಕ್ಕದಲ್ಲಿದ್ದವರು ತಲೆಯ ಮೇಲೆ ಮೆಲ್ಲನೆ ತಟ್ಟಿ, 'ಯಾರೋ ನೆನೆಸ್ಕೊಂತಾವ್ರೆ' ಎಂದು ನೀರಿನ ಲೋಟ ಮುಂದಿಡುತ್ತಾರೆ. ಮುಳಬಾಗಿಲು ತಾಲ್ಲೂಕಿನ ತಾಯಲೂರು ಹೋಬಳಿ ಆಂಧ್ರದ ಗಡಿಗೆ ಹತ್ತಿರ. ಮನೆಯಲ್ಲೊಂದು, ಬೀದಿಯಲ್ಲೊಂದು ಭಾಷೆ ಆಡುವ ಆ ಕಡೆ ಇದೇ ಕೆಮ್ಮಿಗೆ ತೆಲುಗಿನಲ್ಲಿ 'ಪೊಲಮಾರಿಂದಿ' ಎನ್ನುತ್ತಾರೆ. ನೆನಪಿನ ನಂಬಿಕೆ ಅಲ್ಲೂ ಅದೇ. ನಂಬಿಕೆ ಸೊಗಸಾಗಿದೆ, ದಿಕ್ಕು ಮಾತ್ರ ತಪ್ಪಿದೆ. ದಾರಿ ತಪ್ಪಿದ ತುತ್ತು ಮೇಲಕ್ಕೆ ನೆತ್ತಿಗೆ ಹೋಗುವುದಿಲ್ಲ, ಕೆಳಕ್ಕೆ ಶ್ವಾಸನಾಳದ ಕಡೆ ಇಳಿಯುತ್ತದೆ. ಗಟ್ಟಿ ಗಂಟಲಿನವರು ಒಂದೆರಡು ಸಲ ಕೆಮ್ಮಿ ಅದನ್ನು ಆಚೆಗೆಸೆದು ಊಟ ಮುಂದುವರಿಸುತ್ತಾರೆ. ಲಕ್ವ ಹೊಡೆದು ಗಂಟಲು ಸೋತವರಿಗೆ ನಾವು ಅಕ್ಕರೆಯಿಂದ ಮುಂದಿಟ್ಟ ಆ ನೀರಿನ ಲೋಟವೇ ತಟ್ಟೆಯಲ್ಲಿರುವ ಎಲ್ಲಕ್ಕಿಂತ ಹೆಚ್ಚು ಅಪಾಯದ್ದಾಗಿರಬಹುದು.

ನಮ್ಮ ದೇಹದಲ್ಲಿ ಗಾಳಿಗೂ ಅನ್ನಕ್ಕೂ ಗಂಟಲಿನ ಒಂದು ತುಂಡು ದಾರಿ ಒಂದೇ. ಅದು ಮುಗಿಯುವಲ್ಲಿ ಎರಡು ಬಾಗಿಲುಗಳಿವೆ: ಮುಂದಿನದು ಶ್ವಾಸನಾಳದ್ದು, ಹಿಂದಿನದು ಅನ್ನನಾಳದ್ದು. ಮುಂದಿನ ಬಾಗಿಲನ್ನು ಕಾಯುವುದು ಧ್ವನಿಪೆಟ್ಟಿಗೆ. ಹೆಸರು ಕೇಳಿ ಅದು ಮಾತಿಗಾಗಿಯೇ ಹುಟ್ಟಿದ ವಾದ್ಯವೆಂದುಕೊಳ್ಳುತ್ತೇವೆ. ಇಂಗ್ಲೆಂಡಿನ ವೈದ್ಯ ವಿಕ್ಟರ್ ನೀಗಸ್ ಮೀನು, ಕಪ್ಪೆ, ಹಕ್ಕಿ, ಸಸ್ತನಿಗಳ ಗಂಟಲುಗಳನ್ನು ಹೋಲಿಸಿ ನೋಡಿ 1929ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬೇರೆಯದೇ ಮಾತು ಹೇಳಿದರು: ಇದು ಮೊದಲು ಪುಪ್ಪುಸವನ್ನು ಕಾಯುವ ಕವಾಟ, ದನಿ ಬಂದದ್ದು ಆಮೇಲೆ. ಮೂಡಲ ಬಾಗಿಲೇ ಮುಳಬಾಗಿಲಾಯಿತು ಎನ್ನುವ ಊರಿನವರಿಗೆ ಇದು ಬೇಗ ಅರ್ಥವಾದೀತು. ಬಾಗಿಲು ಮೊದಲು, ಊರಿನ ಸದ್ದುಗದ್ದಲ ಆಮೇಲೆ. ನುಂಗುವ ಗಳಿಗೆಯಲ್ಲಿ ಉಸಿರು ನಿಲ್ಲುತ್ತದೆ, ಧ್ವನಿಪೆಟ್ಟಿಗೆ ಮೇಲಕ್ಕೂ ಮುಂದಕ್ಕೂ ಜಗ್ಗಿಕೊಳ್ಳುತ್ತದೆ, ದನಿಯ ಎರಡು ಮಡಿಕೆಗಳು ಒಂದಕ್ಕೊಂದು ಒತ್ತಿ ಕೂರುತ್ತವೆ, ಮೇಲಿನ ಎಲೆಯಂಥ ಮುಚ್ಚಳ ಬಾಗುತ್ತದೆ, ಹಿಂದಿನ ಬಾಗಿಲು ಸಡಿಲಿ ತೆರೆಯುತ್ತದೆ. ತುತ್ತು ಗಂಟಲು ದಾಟುವ ಈ ಇಡೀ ಆಟಕ್ಕೆ ಹಿಡಿಯುವ ಹೊತ್ತು ಸುಮಾರು ಒಂದು ಸೆಕೆಂಡು. ಆ ಸೆಕೆಂಡಿನಲ್ಲಿ ಒಂದು ಸ್ನಾಯು ಅರೆಗಳಿಗೆ ತಡಮಾಡಿದರೂ ಸಾಕು, ಅನ್ನದ ದಾರಿಯಲ್ಲಿ ಹೋಗಬೇಕಾದ್ದು ಗಾಳಿಯ ದಾರಿ ಹಿಡಿಯುತ್ತದೆ.

ಇನ್ನು ಕೋಲಾರ ಸೀಮೆಯ ತಟ್ಟೆಯತ್ತ ಬರೋಣ. ಕುದಿಯುವ ಎಸರಿಗೆ ರಾಗಿ ಹಿಟ್ಟು ಸುರಿದು, ಗಂಟಾಗದಂತೆ ಕೋಲಿನಲ್ಲಿ ತಿರುವಿ ಕಟ್ಟಿದ ಮುದ್ದೆ. ನುಚ್ಚು ಹಾಕಿ ಮಾಡಿದರೆ ತೆಲುಗು ಮನೆಗಳ ಸಂಗಟಿ. ಪಕ್ಕದಲ್ಲಿ ಬಸ್ಸಾರೋ ಉಪ್ಪುಸಾರೋ ಹುರುಳಿ ಸಾರೋ. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂಬುದು ಇಲ್ಲಿ ಮಕ್ಕಳಿಗೆ ಕಲಿಸುವ ಮೊದಲ ಊಟದ ಪಾಠ. ಹೊರಗಿನವರು ತಮಾಷೆ ಮಾಡುವ ಈ ಪಾಠದಲ್ಲಿ ನುಂಗುವಿಕೆಯ ವಿಜ್ಞಾನ ಅಡಗಿದೆ. ರೊಟ್ಟಿ, ಬ್ರೆಡ್ಡು, ಬಿಸ್ಕತ್ತು ತಿನ್ನುವವರ ಬಾಯಿ ತುತ್ತನ್ನು ತಯಾರಿಸುತ್ತದೆ: ಹಲ್ಲು ಅರೆಯುತ್ತದೆ, ಉಗುಳು ನೆನೆಸುತ್ತದೆ, ನಾಲಿಗೆ ಉಂಡೆ ಕಟ್ಟುತ್ತದೆ. ಮುದ್ದೆ ಉಣ್ಣುವವರ ತುತ್ತು ತಯಾರಾಗುವುದು ಬಾಯಿಗೆ ಬರುವ ಮೊದಲೇ, ಮೂರು ಬೆರಳುಗಳ ನಡುವೆ. ಉಂಡೆ ಕಟ್ಟುವುದು ಕೈ, ನೆನೆಸುವುದು ಸಾರು. ಹಲ್ಲಿಗೆ ಕೆಲಸವಿಲ್ಲ, ಹಾಗಾಗಿಯೇ ಬೊಚ್ಚು ಬಾಯಿಯ ಮುದುಕರನ್ನು ಅದು ತಲೆತಲಾಂತರದಿಂದ ಸಾಕಿಕೊಂಡು ಬಂದಿದೆ. ಆದರೆ ಆ ಅಂಟಂಟಾದ ಉಂಡೆಯನ್ನು ಒಂದೇ ತಳ್ಳಿಗೆ ಗಂಟಲ ಹಿಂದಕ್ಕೆ ಸಾಗಿಸಲು ನಾಲಿಗೆಗೆ ಕಸುವು ಬೇಕು, ಉಂಡೆ ಜಾರಲು ಒದ್ದೆ ಬೇಕು. ಜಗತ್ತಿನ ಬಹುಪಾಲು ನುಂಗುವಿಕೆಯ ಸಂಶೋಧನೆ ಅಗಿದು ತಿನ್ನುವವರ ಮೇಲೆ ನಡೆದದ್ದು. ಅಗಿಯದೆ ನುಂಗುವವರ ಗಂಟಲನ್ನು ಅವರದೇ ತಟ್ಟೆಯಿಂದ ಪರೀಕ್ಷಿಸಬೇಕು ಎಂಬುದು ಈ ಲೇಖನದ ವಾದ.

ಅಮೆರಿಕದ ಜೆರಿ ಲೋಗ್‌ಮನ್ 1983ರಲ್ಲಿ ಬರೆದ ಪುಸ್ತಕ ಈ ಶಾಸ್ತ್ರಕ್ಕೆ ಬುನಾದಿ ಹಾಕಿತು. ಬೇರಿಯಂ ಬೆರೆಸಿದ ಆಹಾರವನ್ನು ನುಂಗಿಸಿ, ಅದು ಇಳಿಯುವುದನ್ನು ಎಕ್ಸ್-ರೇ ಚಲನಚಿತ್ರದಲ್ಲಿ ಹಿಡಿಯುವ ಕ್ರಮವನ್ನು ಆಕೆ ಬೆಳೆಸಿದರು. ತೆಳು ದ್ರವ, ಗಟ್ಟಿ ದ್ರವ, ಕೊನೆಗೆ ಬೇರಿಯಂ ಸವರಿದ ಬಿಸ್ಕತ್ತು. ಆ ಪರೀಕ್ಷೆಗೆ ಅಲ್ಲಿಯ ಆಸ್ಪತ್ರೆಗಳಲ್ಲಿ 'ಕುಕಿ ಸ್ವಾಲೋ' ಎಂಬ ಅಡ್ಡಹೆಸರೇ ಬಿತ್ತು. 1988ರಲ್ಲಿ ಸೂಸನ್ ಲ್ಯಾಂಗ್‌ಮೋರ್ ಮೂಗಿನಿಂದ ಸಣ್ಣ ಎಂಡೋಸ್ಕೋಪು ಇಳಿಸಿ ಗಂಟಲನ್ನು ನೇರವಾಗಿ ನೋಡುವ ಕ್ರಮ ತಂದರು. ಎಕ್ಸ್-ರೇ ಕೋಣೆ ಬೇಕಾಗಿಲ್ಲ, ರೋಗಿಯ ಹಾಸಿಗೆಯ ಪಕ್ಕದಲ್ಲೇ ಮಾಡಬಹುದು. ಈ ಎರಡು ಕಣ್ಣುಗಳಿಂದ ಗೊತ್ತಾದ ದೊಡ್ಡ ಸಂಗತಿ ಒಂದಿದೆ. ಶ್ವಾಸನಾಳಕ್ಕೆ ಆಹಾರ ಇಳಿದರೂ ಕೆಲವರು ಕೆಮ್ಮುವುದೇ ಇಲ್ಲ. ಗಂಟಲಿನ ಅರಿವೇ ಮಂಕಾಗಿರುತ್ತದೆ. ಇದನ್ನು ಮೌನ ಇಳಿತ ಎನ್ನಬಹುದು. ನೆತ್ತಿಗೆ ಹತ್ತಿದವರನ್ನು ಯಾರೋ ನೆನೆಸಿಕೊಳ್ಳುತ್ತಾರೆ ಸರಿ, ನೆತ್ತಿಗೆ ಹತ್ತದೆಯೇ ಪುಪ್ಪುಸಕ್ಕೆ ಇಳಿಸಿಕೊಂಡವರನ್ನು ನ್ಯುಮೋನಿಯಾ ಬರುವ ತನಕ ಯಾರೂ ನೆನೆಸುವುದಿಲ್ಲ. ಮಗ್ಗುಲು ಮನೆಯವರು 'ಜ್ವರ ಬಂದು ಹೋದರು' ಅನ್ನುತ್ತಾರೆ. ಜ್ವರಕ್ಕೆ ಕಾರಣವಾದ ಊಟದ ಮಾತು ಎಲ್ಲೂ ದಾಖಲಾಗುವುದಿಲ್ಲ.

ಇಂಥ ಗಂಟಲುಗಳು ಕೋಲಾರ ಜಿಲ್ಲೆಯಲ್ಲಿ ಮುಖ್ಯವಾಗಿ ಎರಡು ದಾರಿಯಿಂದ ಬರುತ್ತವೆ. ಒಂದು ಲಕ್ವ. ಬೇರೆ ಬೇರೆ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2005ರ ಒಂದು ಸಮೀಕ್ಷೆಯ ಪ್ರಕಾರ, ಲಕ್ವವಾದ ಹೊಸದರಲ್ಲಿ ನುಂಗಲು ತೊಂದರೆ ಕಾಣಿಸಿಕೊಳ್ಳುವವರ ಪ್ರಮಾಣ ಶೇ 37ರಿಂದ 78ರವರೆಗೆ. ಯಾವ ಪರೀಕ್ಷೆಯಿಂದ ಅಳೆದರು ಎಂಬುದರ ಮೇಲೆ ಲೆಕ್ಕ ಬದಲಾಗುತ್ತದೆ. ಇಲ್ಲಿ ಕೆಟ್ಟಿರುವುದು ಮುಖ್ಯವಾಗಿ ಹೊತ್ತಿನ ಲೆಕ್ಕಾಚಾರ. ಮಿದುಳಿನ ಅಪ್ಪಣೆ ತಡವಾಗುವುದರಿಂದ ಬಾಗಿಲು ಮುಚ್ಚುವ ಮೊದಲೇ ತುತ್ತು ಬಂದು ನಿಲ್ಲುತ್ತದೆ. ಹಾಗಾಗಿ ಎಷ್ಟು ಬೇಗ ಹರಿಯುವ ವಸ್ತುವೋ ಅಷ್ಟು ಅಪಾಯ. ನೀರು ಎಲ್ಲಕ್ಕಿಂತ ಮುಂದೆ, ತಿಳಿಸಾರು ಅದರ ಬೆನ್ನಿಗೇ. 90 ಮಿ.ಲೀ. ನೀರನ್ನು ನಿಲ್ಲಿಸದೆ ಕುಡಿಸಿ, ಕೆಮ್ಮು ಬರುತ್ತದೆಯೇ, ದನಿ ನೀರೊಳಗಿಂದ ಬಂದಂತೆ ಗುಳುಗುಳು ಆಗುತ್ತದೆಯೇ ಎಂದು ನೋಡುವ ಸರಳ ಪರೀಕ್ಷೆಯನ್ನು ಅಮೆರಿಕದಲ್ಲಿ 3,000 ರೋಗಿಗಳ ಮೇಲೆ ಎಂಡೋಸ್ಕೋಪಿನ ಜೊತೆಗಿಟ್ಟು ತಾಳೆ ನೋಡಿದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಶ್ವಾಸನಾಳಕ್ಕೆ ಇಳಿಸಿಕೊಳ್ಳುತ್ತಿದ್ದವರಲ್ಲಿ ಶೇ 96ಕ್ಕೂ ಹೆಚ್ಚು ಮಂದಿಯನ್ನು ಆ ಲೋಟ ನೀರೇ ಹಿಡಿದುಕೊಟ್ಟಿತು. ಅಷ್ಟೇ ಮುಖ್ಯವಾದ ಇನ್ನೊಂದು ಫಲಿತಾಂಶವೂ ಅದರಲ್ಲಿತ್ತು. ಇಳಿಸಿಕೊಳ್ಳದವರಲ್ಲೂ ಅರ್ಧದಷ್ಟು ಮಂದಿ ಆ ಪರೀಕ್ಷೆಯಲ್ಲಿ ಫೇಲಾದರು. ನೀರಿನಲ್ಲಿ ಸೋತವರು ಎಲ್ಲದರಲ್ಲೂ ಸೋತವರಲ್ಲ. ಅವರಲ್ಲಿ ಹಲವರು ಗಟ್ಟಿಯಾದದ್ದೇನನ್ನಾದರೂ ಬಾಯಿಂದಲೇ ಉಣ್ಣಬಲ್ಲವರು. ಆ 'ಗಟ್ಟಿಯಾದದ್ದು' ನಮ್ಮಲ್ಲಿ ಏನು ಎಂಬುದೇ ಪ್ರಶ್ನೆ.

ಎರಡನೆಯ ದಾರಿ ಬಾಯಿಯ ಕ್ಯಾನ್ಸರ್. ಕೋಲಾರದ ಟಮಕದಲ್ಲಿ 1986ರಲ್ಲಿ ಶುರುವಾದ ದೇವರಾಜ ಅರಸು ವೈದ್ಯಕೀಯ ಕಾಲೇಜಿನ ವೈದ್ಯರ ಪ್ರಬಂಧಗಳಲ್ಲಿ ಒಂದು ಚಿತ್ರ ಮತ್ತೆ ಮತ್ತೆ ಬರುತ್ತದೆ: ಈ ಭಾಗದಲ್ಲಿ ಬಾಯಿ ಕ್ಯಾನ್ಸರಿನ ರೋಗಿಗಳಲ್ಲಿ ಹೆಂಗಸರ ಸಂಖ್ಯೆ ಎದ್ದು ಕಾಣುವಷ್ಟಿದೆ, ಹುಣ್ಣು ಹೆಚ್ಚಾಗಿ ಕೆನ್ನೆಯ ಒಳಮೈಯಲ್ಲಿ, ಕಾರಣ ಎಲೆ ಅಡಿಕೆ ಸುಣ್ಣದ ಜೊತೆ ಕಡ್ಡಿಪುಡಿ ಎಂಬ ಹೊಗೆಸೊಪ್ಪಿನ ಪುಡಿ. ರಾತ್ರಿಯೆಲ್ಲ ಅದನ್ನು ದವಡೆಯಲ್ಲಿ ಒತ್ತಿಟ್ಟುಕೊಂಡೇ ಮಲಗುವ ಅಭ್ಯಾಸ ಬೇರೆ. ರಾಜ್ಯದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಆದರೆ ಸಂತೆಯಲ್ಲಿ ತೂಗಿ ಕೊಡುವ ಕಡ್ಡಿಪುಡಿ ಜನರ ಲೆಕ್ಕದಲ್ಲಿ ಗುಟ್ಕಾ ಅಲ್ಲವೇ ಅಲ್ಲ. ಶಸ್ತ್ರಚಿಕಿತ್ಸೆಯಲ್ಲಿ ಕೆನ್ನೆ, ದವಡೆ, ಕೆಲವೊಮ್ಮೆ ನಾಲಿಗೆಯ ಭಾಗವೂ ಹೋಗುತ್ತದೆ. ಆಮೇಲಿನ ವಿಕಿರಣ ಚಿಕಿತ್ಸೆಯಲ್ಲಿ ಉಗುಳಿನ ಗ್ರಂಥಿಗಳು ಬತ್ತುತ್ತವೆ, ಸ್ನಾಯುಗಳು ನಾರಿನಂತೆ ಬಿಗಿಯುತ್ತವೆ. ಬಾಯಿ 35 ಮಿ.ಮೀ.ಗಿಂತ ಕಡಿಮೆ ತೆರೆದರೆ ಅದನ್ನು ದವಡೆ ಬಿಗಿತ ಎಂದು ವೈದ್ಯರು ಎಣಿಸುತ್ತಾರೆ. ಮನೆಯ ಅಳತೆಯಲ್ಲಿ ಹೇಳಬೇಕೆಂದರೆ ಒಂದರ ಮೇಲೊಂದಿಟ್ಟ ಮೂರು ಬೆರಳು ಹಲ್ಲಿನ ಸಾಲುಗಳ ನಡುವೆ ತೂರದಿದ್ದರೆ. ಇಂಥ ಬಾಯಲ್ಲಿ ಹೊತ್ತಿನ ಲೆಕ್ಕ ಅಷ್ಟಾಗಿ ಕೆಟ್ಟಿರುವುದಿಲ್ಲ. ಕೆಟ್ಟಿರುವುದು ತಳ್ಳುವ ಕಸುವು ಮತ್ತು ಜಾರಿಸುವ ಒದ್ದೆ. ಮುದ್ದೆ ಬೇಡುವುದು ಅವೆರಡನ್ನೇ.

ಈಗ ಇಬ್ಬರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ನೋಡಿ. ತಟ್ಟೆ ಒಂದೇ, ಮುದ್ದೆ ಒಂದೇ, ಸಾರು ಒಂದೇ. ಲಕ್ವ ಹೊಡೆದವರ ವಿಷಯದಲ್ಲಿ ಮೊದಲು ಅನುಮಾನಿಸಬೇಕಾದ್ದು ಸಾರನ್ನು. ಮುದ್ದೆ ಇನ್ನೂ ನಾಲಿಗೆಯ ಮೇಲಿರುವಾಗಲೇ ಅದಕ್ಕೆ ಹತ್ತಿದ ಸಾರು ಸೋರಿ ತೆರೆದ ಬಾಗಿಲ ಮುಂದೆ ನಿಂತಿರುತ್ತದೆ. ಗಟ್ಟಿ, ತೆಳು ಎರಡೂ ಒಂದೇ ತುತ್ತಿನಲ್ಲಿರುವ ಊಟ ಸೋತ ಗಂಟಲಿಗೆ ಕಷ್ಟ ಎಂಬುದು ಈ ಶಾಸ್ತ್ರದಲ್ಲಿ ಹಳೆಯ ಮಾತು. ವಿಕಿರಣದಿಂದ ಬಾಯಿ ಒಣಗಿದವರ ವಿಷಯದಲ್ಲಿ ಅನುಮಾನ ಮುದ್ದೆಯ ಮೇಲೆ; ಅವರಿಗೆ ಸಾರೇ ಆಸರೆ. ಒಬ್ಬರಿಗೆ ಕೆಡುಕಾದದ್ದು ಇನ್ನೊಬ್ಬರಿಗೆ ಬೇಕಾದದ್ದು. ಹೀಗಿರುವಾಗ ಆಸ್ಪತ್ರೆಯಿಂದ ಹೊರಡುವ ಇಬ್ಬರಿಗೂ ಸಿಗುವ ಸಲಹೆ ಬಹಳ ಸಲ ಒಂದೇ: 'ಮೆತ್ತಗಿನ ಊಟ ಕೊಡಿ.' ಮುದ್ದೆಯೇ ಮೆತ್ತಗಿದೆಯಲ್ಲ ಎಂದು ಮನೆಯವರು ಅದನ್ನೇ ಕೊಡುತ್ತಾರೆ, ಇಲ್ಲವೇ ಅನ್ನಕ್ಕೆ ಸಾರು ಸುರಿದು ನೀರು ನೀರಾಗಿ ಕಲಸುತ್ತಾರೆ. ಮೆತ್ತಗೆ ಎಂಬ ಒಂದು ಪದ ಅಂಟು, ಜಾರು, ಹರಿವು, ಉಂಡೆ ಕಟ್ಟುವಿಕೆ ನಾಲ್ಕನ್ನೂ ನುಂಗಿ ಕೂತಿದೆ. ಗಂಟಲಿಗೆ ಈ ನಾಲ್ಕೂ ಬೇರೆ ಬೇರೆ.

ಇದಕ್ಕೆಲ್ಲ ಸುಲಭದ ಉತ್ತರವೊಂದಿದೆ: ನುಂಗಲು ಕಷ್ಟವಿರುವವರಿಗೆ ಮುದ್ದೆಯೂ ಬೇಡ ಸಾರೂ ಬೇಡ, ಎಲ್ಲವನ್ನೂ ಮಿಕ್ಸಿಗೆ ಹಾಕಿ ಗಟ್ಟಿ ದ್ರವ ಮಾಡಿ ಕೊಡಿ. ಜಾಗ್ರತೆಯ ಮಾತಿನಂತೆ ಕೇಳಿಸುವ ಈ ಸಲಹೆಯನ್ನೂ ಪರೀಕ್ಷೆಗೆ ಒಡ್ಡಿದ್ದಾರೆ. ಪಾರ್ಕಿನ್ಸನ್ ಕಾಯಿಲೆಯೋ ಮರೆಗುಳಿತನವೋ ಇದ್ದ 515 ಮಂದಿಯನ್ನು ಮೂರು ತಿಂಗಳು ಹಿಂಬಾಲಿಸಿದ, 2008ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ ಗಟ್ಟಿ ಮಾಡಿದ ದ್ರವ ಕುಡಿದವರಿಗೂ, ಗಲ್ಲ ಬಗ್ಗಿಸಿ ಮಾಮೂಲಿ ದ್ರವ ಕುಡಿದವರಿಗೂ ನ್ಯುಮೋನಿಯಾದಲ್ಲಿ ಸ್ಪಷ್ಟವಾದ ವ್ಯತ್ಯಾಸ ಕಾಣಲಿಲ್ಲ. ಮೈಯಲ್ಲಿ ನೀರಿನಂಶ ಕಡಿಮೆಯಾದದ್ದು ಮಾತ್ರ ಗಟ್ಟಿ ದ್ರವದವರಲ್ಲಿ ಹೆಚ್ಚು. ಎಕ್ಸ್-ರೇ ಪರದೆಯ ಮೇಲೆ ಸುರಕ್ಷಿತವಾಗಿ ಕಂಡದ್ದು ಮನೆಯಲ್ಲಿ ಸುರಕ್ಷಿತವಾಗಿರಬೇಕಿಲ್ಲ, ಏಕೆಂದರೆ ಬಹಳ ಜನ ಅದನ್ನು ಸಾಕಷ್ಟು ಕುಡಿಯುವುದಿಲ್ಲ. ಅರವತ್ತು ವರ್ಷ ಮುದ್ದೆ ಉಂಡವರ ಮುಂದೆ ಹೆಸರಿಲ್ಲದ ಬೂದು ಹಿಟ್ಟೊಂದನ್ನು ಇಟ್ಟರೆ ಆಗುವುದೂ ಅದೇ: ಎರಡು ಚಮಚ, ಆಮೇಲೆ ಮುಖ ತಿರುವುವುದು, ಆಮೇಲೆ ತೂಕ ಇಳಿಯುವುದು. ಔಷಧಿ ಅಂಗಡಿಯ ಗಟ್ಟಿಕಾರಕ ಪುಡಿಗಳ ಬೆಲೆಯ ಮಾತು ಬೇರೆಯೇ ಇದೆ. ನಮ್ಮ ಅಂಬಲಿಯೇ ಗಟ್ಟಿ ದ್ರವವಲ್ಲವೇ ಎಂದು ಕೇಳಬಹುದು. ಹೌದು, ಆದರೆ ಪಿಷ್ಟದಿಂದ ಬಂದ ಗಟ್ಟಿತನ ನಂಬಿಕೆಗೆ ಅಷ್ಟು ಯೋಗ್ಯವಲ್ಲ. ಬಿಸಿಯಿದ್ದಾಗ ತೆಳುವಾಗಿ ಹರಿದ ಅಂಬಲಿ ಆರಿದ ಮೇಲೆ ಹೆಪ್ಪಾಗುತ್ತದೆ. ಬಾಯಲ್ಲಿಟ್ಟುಕೊಂಡೇ ಇದ್ದರೆ ಉಗುಳಿನ ಕಿಣ್ವ ಅದನ್ನು ಮತ್ತೆ ನೀರಾಗಿಸುತ್ತದೆ. ಬೆಳಗಿನ ಅಂಬಲಿ ಮತ್ತು ಹತ್ತು ಗಂಟೆಯ ಅಂಬಲಿ ಗಂಟಲಿನ ಪಾಲಿಗೆ ಒಂದೇ ವಸ್ತುವಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದದ್ದು. ಈ ಕೆಲಸವನ್ನು ಜಗತ್ತು ಆಗಲೇ ಮಾಡಿ ಮುಗಿಸಿದೆಯಲ್ಲ, 2013ರಲ್ಲಿ ಶುರುವಾದ ಇಡ್ಸಿ ಎಂಬ ಅಂತರರಾಷ್ಟ್ರೀಯ ವ್ಯವಸ್ಥೆ ದ್ರವ ಮತ್ತು ಆಹಾರಗಳನ್ನು ಸೊನ್ನೆಯಿಂದ ಏಳರವರೆಗೆ ಎಂಟು ಹಂತಗಳಲ್ಲಿ ವಿಂಗಡಿಸಿದೆಯಲ್ಲ, ಮುದ್ದೆಗೊಂದು ಪ್ರತ್ಯೇಕ ಶಾಸ್ತ್ರ ಏಕೆ? ಇಡ್ಸಿಯನ್ನು ಹೊಗಳಲೇಬೇಕು. 10 ಮಿ.ಲೀ. ಸಿರಿಂಜಿಗೆ ದ್ರವ ತುಂಬಿ ಹತ್ತು ಸೆಕೆಂಡು ಹರಿಯಬಿಟ್ಟು, ಉಳಿದದ್ದು ಎಷ್ಟೆಂದು ನೋಡುವ ಅದರ ಪರೀಕ್ಷೆ ಹಳ್ಳಿಯ ಆರೋಗ್ಯ ಕೇಂದ್ರಕ್ಕೂ ಎಟುಕುವಂಥದ್ದು: ಒಂದು ಮಿ.ಲೀ.ಗಿಂತ ಕಡಿಮೆ ಉಳಿದರೆ ತೆಳು, ನಾಲ್ಕರಿಂದ ಎಂಟು ಉಳಿದರೆ ಎರಡನೆಯ ಹಂತ, ಎಂಟಕ್ಕಿಂತ ಹೆಚ್ಚು ಉಳಿದರೆ ಮೂರನೆಯದು. (ಸಿರಿಂಜಿನ ಉದ್ದಳತೆ ಕಂಪನಿಯಿಂದ ಕಂಪನಿಗೆ ಬೇರೆಯಾಗುವುದರಿಂದ ಸರಿಯಾದದ್ದನ್ನು ಆರಿಸಬೇಕು ಎಂಬುದು ಅವರದೇ ಎಚ್ಚರಿಕೆ.) ಆದರೆ ನುಣ್ಣಗಿನ ಹಾಗೂ ಮೆದು ಆಹಾರದ ಹಂತಗಳಿಗೆ ಅದು ಹಾಕುವ ಷರತ್ತುಗಳಲ್ಲೊಂದು, ಅಂಟಬಾರದು ಎಂಬುದು. ಬರಿ ಮುದ್ದೆ ಅಲ್ಲೇ ಮುಗ್ಗರಿಸುತ್ತದೆ. ಸಾರಿನಲ್ಲಿ ಹೊರಳಿಸಿದ ಮುದ್ದೆಯ ಮೇಲ್ಮೈ ಅಂಟುವುದಿಲ್ಲ, ಆದರೆ ಅದರಿಂದ ತೆಳು ದ್ರವ ತೊಟ್ಟಿಕ್ಕುತ್ತದೆ. ಹಾಗಾದರೆ ಸಾರನ್ನೇ ಗಟ್ಟಿ ಮಾಡಿದರೆ? ಮಸೆದ ಸೊಪ್ಪು, ಕಡೆದ ಬೇಳೆಯಲ್ಲಿ ಹೊರಳಿಸಿದರೆ? ಹಿಟ್ಟು ಕಡಿಮೆ ಹಾಕಿ ಸಡಿಲಾಗಿ ಕಟ್ಟಿದರೆ? ಹೆಬ್ಬೆಟ್ಟಿನ ಗಾತ್ರದ ತುತ್ತಿನ ಬದಲು ಹುಣಿಸೆ ಬೀಜದಷ್ಟು ಕೊಟ್ಟರೆ? ಇವು ಅಡುಗೆಮನೆಯ ಪ್ರಶ್ನೆಗಳಂತೆ ಕಂಡರೂ ಎಂಡೋಸ್ಕೋಪು ಇಟ್ಟು ಉತ್ತರ ಕಂಡುಕೊಳ್ಳಬೇಕಾದ ಪ್ರಶ್ನೆಗಳು. ಅನ್ನದ ವಿಷಯದಲ್ಲಿ ಇಡ್ಸಿಯೇ ಹೀಗೆ ಯೋಚಿಸಿದೆ. ಬಿಡಿ ಬಿಡಿ ಅಗುಳು ಸಲ್ಲದು, ಗೊಜ್ಜಿನಂಥದ್ದು ಅಗುಳನ್ನು ಹಿಡಿದಿಡಬೇಕು ಎಂದು ಬರೆದಿಟ್ಟಿದೆ. ಅನ್ನ ಉಣ್ಣುವ ದೇಶಗಳು ಕೇಳಿದ್ದರಿಂದ ಅನ್ನಕ್ಕೆ ಆ ಸಾಲು ಸಿಕ್ಕಿತು ಎಂದುಕೊಳ್ಳುತ್ತೇನೆ.

ಜಪಾನಿನ ಉದಾಹರಣೆ ನಮಗೆ ಇನ್ನೂ ಹತ್ತಿರದ್ದು. ಅಲ್ಲಿ ಹೊಸ ವರ್ಷಕ್ಕೆ ಮೋಚಿ ಎಂಬ ಕುಟ್ಟಿದ ಅಕ್ಕಿಯ ಅಂಟುಂಡೆ ತಿನ್ನುತ್ತಾರೆ. ಪ್ರತಿ ವರ್ಷ ಅದು ಗಂಟಲಿಗೆ ಸಿಕ್ಕಿ ಮುದುಕರು ಸಾಯುತ್ತಾರೆ, ಪ್ರತಿ ವರ್ಷ ಟೋಕಿಯೋದ ಅಗ್ನಿಶಾಮಕ ಇಲಾಖೆ ಸಣ್ಣದಾಗಿ ಕತ್ತರಿಸಿ ತಿನ್ನಿ ಎಂದು ಎಚ್ಚರಿಸುತ್ತದೆ. ಮೋಚಿಯನ್ನು ಯಾರೂ ನಿಷೇಧಿಸಲಿಲ್ಲ. ಅಂಟು ಕಡಿಮೆಯಿರುವ ಮೋಚಿಗಳನ್ನು ರೂಪಿಸಿದರು, ನುಂಗುವಿಕೆಯ ವೈದ್ಯರ ಸಂಘ 2013ರಲ್ಲಿ ತಮ್ಮ ದೇಶದ ಊಟಕ್ಕೆ ಒಪ್ಪುವ ಹಂತಗಳ ಪಟ್ಟಿಯನ್ನೇ ಮಾಡಿಕೊಂಡಿತು. ತಟ್ಟೆಯಿಂದ ಹೊರಟ ಸಂಶೋಧನೆ ಎಂದರೆ ಇದು.

ಕೊನೆಗೆ ಉಳಿಯುವುದು ಹಣದ ಮಾತು. ಸಕ್ಕರೆ ಕಾಯಿಲೆ, ಮೂತ್ರಪಿಂಡದ ಕಾಯಿಲೆಗೇ ವೈದ್ಯರು ಸಾಲದಿರುವ ಜಿಲ್ಲೆಯಲ್ಲಿ ನುಂಗುವಿಕೆಯ ಸಂಶೋಧನೆ ಶೋಕಿಯಲ್ಲವೇ? ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸಿನ 19 ಲಕ್ವ ಘಟಕಗಳಲ್ಲಿ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗವನ್ನು ಇದಕ್ಕೆ ಉತ್ತರವಾಗಿ ಇಡಬಹುದು. ಹೊಸ ಔಷಧಿಯಿಲ್ಲ, ಹೊಸ ಯಂತ್ರವಿಲ್ಲ. ಮೊದಲ ಮೂರು ದಿನ ಜ್ವರ, ಸಕ್ಕರೆ, ನುಂಗುವಿಕೆ ಈ ಮೂರನ್ನು ದಾದಿಯರು ಕ್ರಮ ತಪ್ಪದೆ ನೋಡಿಕೊಂಡರು, ಅಷ್ಟೇ. ಮೂರು ತಿಂಗಳ ನಂತರ ಸತ್ತವರು ಇಲ್ಲವೇ ಪರಾವಲಂಬಿಗಳಾದವರು ಮಾಮೂಲಿ ಆರೈಕೆಯ ಘಟಕಗಳಲ್ಲಿ ಶೇ 58, ಈ ಘಟಕಗಳಲ್ಲಿ ಶೇ 42. ಮೂರೂ ಒಟ್ಟಿಗೆ ಮಾಡಿದ ಕೆಲಸವಾದ್ದರಿಂದ ಪುಣ್ಯವನ್ನೆಲ್ಲ ಗಂಟಲ ಲೆಕ್ಕಕ್ಕೇ ಬರೆಯುವುದು ತಪ್ಪಾಗುತ್ತದೆ. ಆದರೂ ಒಂದು ಲೋಟ ನೀರು ಮತ್ತು ತರಬೇತಿಯಾದ ಒಬ್ಬ ದಾದಿ ಶೋಕಿಯಲ್ಲ. ಅಗ್ಗದ ವಿದ್ಯೆ ನಮ್ಮವರಿಗೆ ಹೊಸದೂ ಅಲ್ಲ. ಕ್ಯಾನ್ಸರಿನಿಂದ ಧ್ವನಿಪೆಟ್ಟಿಗೆ ತೆಗೆದವರಿಗೆ ಮಾತು ಮರಳಿಸುವ ಕವಾಟವನ್ನು ವಿದೇಶದಿಂದ ತರಿಸಿದರೆ ಹತ್ತಾರು ಸಾವಿರ ರೂಪಾಯಿ. ಬೆಂಗಳೂರಿನ ಶಸ್ತ್ರವೈದ್ಯ ವಿಶಾಲ್ ರಾವ್ ರೂಪಿಸಿದ 'ಓಂ' ಕವಾಟದ ಬೆಲೆ ಸುಮಾರು 50 ರೂಪಾಯಿ ಎಂಬುದು ದೇಶವೆಲ್ಲ ಸುದ್ದಿಯಾಗಿತ್ತು. ದನಿಗೆ ಆ ಮಟ್ಟಿಗೆ ತಲೆ ಓಡಿಸಿದ ನಾಡು ನುಂಗುವಿಕೆಗೂ ಓಡಿಸಬಹುದು. ಬಹಳ ಹಿಂದೆಯೇ, ಕಲ್ಲಿನ ದೂಳು ಪುಪ್ಪುಸವನ್ನು ಗಟ್ಟಿಯಾಗಿಸುವ ಸಿಲಿಕೋಸಿಸ್ ಭಾರತದಲ್ಲಿ ಮೊದಲು ವರದಿಯಾದದ್ದು ಕೋಲಾರದ ಚಿನ್ನದ ಗಣಿಗಳಿಂದ. ಉಸಿರಿನ ದಾರಿಯ ಕಾಯಿಲೆಯನ್ನು ತನ್ನ ಕೆಲಸದ ಜಾಗದಲ್ಲೇ ಗುರುತಿಸಿದ ಜಿಲ್ಲೆ ಅದನ್ನು ತನ್ನ ಊಟದ ಜಾಗದಲ್ಲೂ ಗುರುತಿಸಲಾರದೇ?

ಅದಕ್ಕೆ ಬೇಕಾದ ಸರಂಜಾಮು ಬಹುಮಟ್ಟಿಗೆ ಇಲ್ಲಿಯೇ ಇದೆ. ನಿಮ್ಹಾನ್ಸ್ ಮತ್ತು ಆರೋಗ್ಯ ಇಲಾಖೆ 2022ರಲ್ಲಿ ಶುರುಮಾಡಿದ ಕರ್ನಾಟಕದ ಮಿದುಳು ಆರೋಗ್ಯ ಕಾರ್ಯಕ್ರಮಕ್ಕೆ ಮೊದಲು ಆಯ್ದ ಮೂರು ಜಿಲ್ಲೆಗಳಲ್ಲಿ ಕೋಲಾರ ಒಂದು; ಲಕ್ವ ಅದರ ಪಟ್ಟಿಯಲ್ಲೇ ಇದೆ. ಬಾಯಿ ಕ್ಯಾನ್ಸರಿನ ಶಸ್ತ್ರಚಿಕಿತ್ಸೆ ಟಮಕದಲ್ಲೇ ನಡೆಯುತ್ತಿದೆ. ಮಾತು, ಶ್ರವಣದ ತಜ್ಞರನ್ನು ತಯಾರಿಸುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಮೈಸೂರಿನಲ್ಲಿದೆ, ಆ ಊರೂ ಮುದ್ದೆ ಉಣ್ಣುವ ಸೀಮೆಯದೇ. ಈ ಮೂರು ಕಡೆಯವರು ಒಂದು ಮುದ್ದೆ, ಮೂರು ಬಗೆಯ ಸಾರು, ಒಂದು ಎಂಡೋಸ್ಕೋಪು ಇಟ್ಟುಕೊಂಡು ಕೂರಬೇಕು. ಅಲ್ಲಿಯವರೆಗೆ ಮನೆಯಲ್ಲಿ ಲಕ್ವ ಹೊಡೆದವರೋ ಬಾಯಿಯ ಆಪರೇಷನ್ ಆದವರೋ ಇದ್ದರೆ ಮಲಗಿಸಿ ಉಣ್ಣಿಸಬೇಡಿ, ನೇರ ಕೂರಿಸಿ. ಸಣ್ಣ ತುತ್ತು ಕೊಡಿ, ಅದು ಇಳಿದ ಮೇಲೆ 'ಆ' ಅನ್ನಿಸಿ. ದನಿ ನೀರೊಳಗಿಂದ ಬಂದಂತಿದ್ದರೆ, ಇಲ್ಲವೇ ಕೆಮ್ಮು ಬಂದರೆ ಮುಂದಿನ ತುತ್ತು ನಿಲ್ಲಿಸಿ ವೈದ್ಯರ ಬಳಿಗೆ ಕರೆದೊಯ್ಯಿರಿ. ಅವರು ಮೆತ್ತಗಿನ ಊಟ ಕೊಡಿ ಎಂದರೆ ಅಲ್ಲಿಂದ ಏಳಬೇಡಿ. ಮುದ್ದೆ ಕೊಡಬಹುದಾ, ಸಾರು ಕೊಡಬಹುದಾ, ಎರಡೂ ಸೇರಿಸಿ ಕೊಡಬಹುದಾ ಎಂದು ಒಂದೊಂದನ್ನೂ ಹೆಸರು ಹಿಡಿದು ಕೇಳಿ.